ಎಂಟು ತಂತಿಯ ಕ್ಲಾಸಿಕಲ್ ಗಿಟಾರ್‌ಗೆ ತಂತಿ ಹೊಂದಿಸುವುದು: ದಪ್ಪ, ತೂಕ, ಎಳೆತದ ಲೆಕ್ಕ

ಕೆಲಸ ಇಷ್ಟು. ಎಂಟು ತಂತಿಯ ಕ್ಲಾಸಿಕಲ್ ಗಿಟಾರ್‌ನ ಮೈ, ಕತ್ತು, ಫ್ರೆಟ್ (ಕತ್ತಿನ ಮೇಲೆ ಸ್ವರ ಬೇರ್ಪಡಿಸುವ ಅಡ್ಡಪಟ್ಟಿಗಳು) ಎಲ್ಲ ಮುಗಿದಿವೆ. ಮೇಲ್ಹಲಗೆಯ ಮೇಲೆ ತಂತಿ ಕಟ್ಟುವ ಬ್ರಿಡ್ಜ್ ಇನ್ನೂ ಅಂಟಿಸಿಲ್ಲ, ಕತ್ತಿನ ತುದಿಯಲ್ಲಿ ತಂತಿ ಕೂರುವ ಸೀಳುಗಳ ನಟ್ ಕೊರೆದಿಲ್ಲ. ಮಾಮೂಲಿ ಆರು ತಂತಿಗಳ ಮೇಲೊಂದು ಹೆಚ್ಚಿನ ಎ4, ಕೆಳಗೊಂದು ಹೆಚ್ಚಿನ ಎ1 (ಅಕ್ಷರ ಸ್ವರದ ಹೆಸರು, ಅಂಕಿ ಸ್ಥಾಯಿಯದು; ಅಂಕಿ ಹೆಚ್ಚಿದಷ್ಟೂ ಶ್ರುತಿ ಎತ್ತರ). ಫ್ರೆಟ್‌ಗಳು ಬೀಸಣಿಗೆಯಂತೆ ಓರೆಯಾಗಿವೆ: ನುಡಿಯುವ ಉದ್ದ (ನಟ್‌ನಿಂದ ಬ್ರಿಡ್ಜ್‌ವರೆಗೆ) ಮೊದಲ ತಂತಿಗೆ 615 ಮಿ.ಮೀ, ಎಂಟನೆಯದಕ್ಕೆ 650 ಮಿ.ಮೀ, ನಡುವಿನವು ತಲಾ 5 ಮಿ.ಮೀ ಹೆಚ್ಚುತ್ತ ಹೋಗುತ್ತವೆ. ಈ ಬಗೆಯ ಜೋಡಣೆ ಹೊಸದೇನಲ್ಲ. ಗಿಟಾರ್ ವಾದಕ ಪಾಲ್ ಗಾಲ್ಬ್ರೈತ್ 1994ರಲ್ಲಿ ತಯಾರಕ ಡೇವಿಡ್ ರೂಬಿಯೋ ಜೊತೆ ಸೇರಿ ರೂಪಿಸಿದ ‘ಬ್ರಾಮ್ಸ್ ಗಿಟಾರ್’ ಕೂಡ ಎಂಟು ತಂತಿ, ಓರೆ ಫ್ರೆಟ್‌ಗಳದ್ದೇ.

ಬ್ರಿಡ್ಜ್ ಅಂಟಿಸುವ ಮೊದಲೇ ತಂತಿ ತೀರ್ಮಾನವಾಗಬೇಕು. ಬ್ರಿಡ್ಜ್‌ನ ಎತ್ತರ, ತೂತುಗಳ ಅಳತೆ, ನಟ್‌ನ ಅಂತರ ಮೂರೂ ತಂತಿಯ ಲೆಕ್ಕದಿಂದಲೇ ಹೊರಡುತ್ತವೆ. ಗಿಟಾರ್ ಪೂರ್ತಿ ಮುಗಿಸಿ ಆಮೇಲೆ ತಂತಿ ಹುಡುಕಿದರೆ, ಎಂಟನೇ ತಂತಿ ತೂತಿನಲ್ಲಿ ತೂರುವುದಿಲ್ಲ ಎಂಬಲ್ಲಿಗೆ ಕತೆ ನಿಲ್ಲುತ್ತದೆ.

ಸೂತ್ರ ಮತ್ತು ಒಂದು ಅಡ್ಡದಾರಿ

ಎಳೆತ = ಒಂದು ಮೀಟರ್ ತಂತಿಯ ತೂಕ × (2 × ಉದ್ದ × ಆವರ್ತನ)². ತೂಕ ಕಿಲೋಗ್ರಾಂನಲ್ಲಿ, ಉದ್ದ ಮೀಟರ್‌ನಲ್ಲಿ, ಆವರ್ತನ ಹರ್ಟ್ಝ್‌ನಲ್ಲಿ ಇಟ್ಟರೆ ಉತ್ತರ ನ್ಯೂಟನ್‌ನಲ್ಲಿ ಬರುತ್ತದೆ. 9.81ರಿಂದ ಭಾಗಿಸಿದರೆ ಕೆಜಿ. ತಂತಿಯ ಪೊಟ್ಟಣ ಪೌಂಡ್ ಲೆಕ್ಕ ಹೇಳಿದರೆ 0.4536ರಿಂದ ಗುಣಿಸಿ. ಕೆಲವು ತಯಾರಕರ ಪಟ್ಟಿಯಲ್ಲಿ ತಂತಿಯ ತೂಕ ‘ಇಂಚಿಗೆ ಇಷ್ಟು ಪೌಂಡ್’ ಎಂದಿರುತ್ತದೆ. ಅದನ್ನು 17,858ರಿಂದ ಗುಣಿಸಿದರೆ ಮೀಟರಿಗೆ ಗ್ರಾಂ ಸಿಗುತ್ತದೆ. 0.000304 ಎಂದಿದ್ದರೆ 5.43 ಗ್ರಾಂ. ಲೆಕ್ಕ ಹತ್ತಿಪ್ಪತ್ತು ಪಟ್ಟು ಅಡ್ಡಾದಿಡ್ಡಿ ಬಂದರೆ ತಪ್ಪು ಬಹುತೇಕ ಈ ಮಾನಗಳ ಗೊಂದಲದಲ್ಲೇ ಇರುತ್ತದೆ.

ಪ್ರತಿ ಸಲ ಇಡೀ ಸೂತ್ರ ಬಿಡಿಸುವ ಅಗತ್ಯವಿಲ್ಲ. ಗಿಟಾರ್‌ನ ಉದ್ದವೂ ಶ್ರುತಿಯೂ ಬದಲಾಗದವು, ಬದಲಾಗುವುದು ತಂತಿ ಮಾತ್ರ. ಆದ್ದರಿಂದ (2 × ಉದ್ದ × ಆವರ್ತನ)² ಅನ್ನು 9,810ರಿಂದ ಭಾಗಿಸಿ ಪ್ರತಿ ತಂತಿಗೂ ಒಂದು ಗುಣಕ ಮಾಡಿಟ್ಟುಕೊಂಡರೆ ಸಾಕು. ತಂತಿಯ ಗ್ರಾಂ/ಮೀಟರ್ ಅನ್ನು ಆ ಗುಣಕದಿಂದ ಗುಣಿಸಿದರೆ ನೇರವಾಗಿ ಕೆಜಿ ಬರುತ್ತದೆ. ಈ ಗಿಟಾರ್‌ನ ಪಟ್ಟಿ ಹೀಗಿದೆ:

1. ಎ4, 440 ಹರ್ಟ್ಝ್, 615 ಮಿ.ಮೀ: ಗುಣಕ 29.86, ಗುರಿ 5.5 ಕೆಜಿ, ಬೇಕಾದ ತೂಕ 0.184 ಗ್ರಾಂ/ಮೀ
2. ಇ4, 329.63, 620: ಗುಣಕ 17.03, ಗುರಿ 6.2, ತೂಕ 0.364
3. ಬಿ3, 246.94, 625: ಗುಣಕ 9.71, ಗುರಿ 5.5, ತೂಕ 0.566
4. ಜಿ3, 196.00, 630: ಗುಣಕ 6.22, ಗುರಿ 5.5, ತೂಕ 0.885
5. ಡಿ3, 146.83, 635: ಗುಣಕ 3.545, ಗುರಿ 6.2, ತೂಕ 1.75
6. ಎ2, 110, 640: ಗುಣಕ 2.021, ಗುರಿ 6.2, ತೂಕ 3.07
7. ಇ2, 82.41, 645: ಗುಣಕ 1.152, ಗುರಿ 6.0, ತೂಕ 5.21
8. ಎ1, 55, 650: ಗುಣಕ 0.521, ಗುರಿ 5.2, ತೂಕ 9.98

ಒಟ್ಟು 46.3 ಕೆಜಿ. ಗುರಿಗಳನ್ನು ಸಮನಾಗಿ ಹಂಚಿಲ್ಲ, ಹಂಚಲೂಬಾರದು. ಬಿ ಮತ್ತು ಜಿ ತಂತಿಗಳ ಎಳೆತ ಮಾಮೂಲಿ ಸೆಟ್‌ಗಳಲ್ಲೂ ಅಕ್ಕಪಕ್ಕದವಕ್ಕಿಂತ ಕಡಿಮೆಯೇ ಇರುತ್ತದೆ, ಬೆರಳಿಗೆ ಆ ರೂಢಿಯಿದೆ. ಎಂಟನೆಯದನ್ನು ಇನ್ನೂ ಇಳಿಸಿರುವುದಕ್ಕೆ ಬೇರೆಯೇ ಕಾರಣವಿದೆ, ಮುಂದೆ ಬರುತ್ತದೆ.

ಒಟ್ಟು ಎಳೆತ ಎಷ್ಟಿರಬೇಕು

ಆರು ತಂತಿಯ ಮಾಮೂಲಿ ಸೆಟ್ ಒಟ್ಟು 39 ಕೆಜಿ ಆಸುಪಾಸಿನಲ್ಲಿ ಎಳೆಯುತ್ತದೆ. ತಂತಿಗೆ ಅದೇ ಸರಾಸರಿ ಇಟ್ಟು ಎಂಟು ಹಾಕಿದರೆ 52 ಕೆಜಿ. ಆದರೆ ಮೇಲ್ಹಲಗೆಯನ್ನು ಉಬ್ಬಿಸುವುದು ಬರೀ ಎಳೆತವಲ್ಲ, ಎಳೆತ × ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ಪಟ್ಟಿ) ಬಳಿ ಹಲಗೆಯಿಂದ ತಂತಿಯ ಎತ್ತರ. ಬ್ರಿಡ್ಜ್ ಅನ್ನು ಮುಂದಕ್ಕೆ ತಿರುಚುವ ಬಲ ಅದು. ಆರು ತಂತಿ, 39 ಕೆಜಿ, 10.5 ಮಿ.ಮೀ ಎತ್ತರ ಎಂದರೆ 4.02 ನ್ಯೂಟನ್-ಮೀಟರ್. ಎಂಟು ತಂತಿ, 46.3 ಕೆಜಿ, ಅದೇ ಎತ್ತರಕ್ಕೆ 4.77. ಎತ್ತರವನ್ನು 9 ಮಿ.ಮೀಗೆ ಇಳಿಸಿದರೆ 4.09, ಅಂದರೆ ಹೆಚ್ಚುಕಡಿಮೆ ಆರು ತಂತಿಯಷ್ಟೇ.

ಒಳಗಿನ ಪಟ್ಟಿಗಳನ್ನು ದಪ್ಪ ಮಾಡಿ ಗಿಟಾರ್‌ನ ದನಿ ಅಡಗಿಸುವುದಕ್ಕಿಂತ ಕತ್ತಿನ ಕೋನ ತಿದ್ದಿ ಈ 1.5 ಮಿ.ಮೀ ಇಳಿಸುವುದು ಮೇಲು. ಆದರೆ ಕತ್ತು ಅಂಟುವ ಮೊದಲೇ ಇದು ನಿಗದಿಯಾಗಿರಬೇಕು. ತೀರ 8 ಮಿ.ಮೀಗಿಂತ ಕೆಳಗಿಳಿದರೆ ಬಲಗೈ ಬೆರಳು ಹಲಗೆಗೆ ತಾಗುತ್ತದೆ, ತಂತಿ ಸ್ಯಾಡಲ್ ಮೇಲೆ ಬಗ್ಗುವ ಕೋನವೂ ಸಾಲದೆ ದನಿ ಸೊರಗುತ್ತದೆ.

ಪೊಟ್ಟಣದ ದಪ್ಪ ಏಕೆ ಸಾಲದು

ಬರಿ ನೈಲಾನ್ ತಂತಿಯ ತೂಕವನ್ನು ದಪ್ಪದಿಂದಲೇ ಕಟ್ಟಬಹುದು: ಸಾಂದ್ರತೆ × 0.7854 × ವ್ಯಾಸ². ತಂತಿಯ ನೈಲಾನ್‌ಗೆ ಸಾಂದ್ರತೆ 1,060 ಕೆಜಿ/ಘನಮೀಟರ್ ಆಸುಪಾಸು, ಮೀನು ಗಾಳದ ನೈಲಾನ್ ದಾರಕ್ಕೆ 1,140, ‘ಕಾರ್ಬನ್’ ಎಂದು ಮಾರುವ ಫ್ಲೋರೋಕಾರ್ಬನ್‌ಗೆ 1,780. ವ್ಯಾಸದಲ್ಲಿ ಶೇ 1 ತಪ್ಪಿದರೆ ಎಳೆತದಲ್ಲಿ ಶೇ 2 ತಪ್ಪುತ್ತದೆ. ಹಾಗಾಗಿ ಮೈಕ್ರೋಮೀಟರ್ ಬೇಕೇ ಬೇಕು. ವರ್ನಿಯರ್‌ನ ದವಡೆ ಮೆತ್ತಗಿನ ನೈಲಾನನ್ನು ಒತ್ತಿ ಚಪ್ಪಟೆ ಮಾಡಿ ಕಡಿಮೆ ತೋರಿಸುತ್ತದೆ. ಮೈಕ್ರೋಮೀಟರ್‌ನಲ್ಲೂ ರ್‍ಯಾಚೆಟ್ ಒಂದು ಸಲ ‘ಟಿಕ್’ ಅಂದರೆ ಸಾಕು. ಐದು ಕಡೆ, ಪ್ರತಿ ಕಡೆ ತಂತಿಯನ್ನು ಕಾಲು ಸುತ್ತು ತಿರುಗಿಸಿ ಎರಡು ಅಳತೆ. ಒಂದೇ ತಂತಿಯಲ್ಲಿ 0.01 ಮಿ.ಮೀಗಿಂತ ಹೆಚ್ಚು ಏರಿಳಿತ ಕಂಡರೆ ಆ ತಂತಿಯನ್ನು ಪಕ್ಕಕ್ಕಿಡಿ. ಎಳೆತ ಸರಿಯಿದ್ದರೂ ಅದು 12ನೇ ಫ್ರೆಟ್‌ನಲ್ಲಿ ಶ್ರುತಿ ತಪ್ಪುತ್ತದೆ.

ಇಷ್ಟು ಮಾಡಿದರೂ ಬಂದ ಉತ್ತರ ನಿಜಕ್ಕಿಂತ ಹೆಚ್ಚೇ ಇರುತ್ತದೆ. ನೈಲಾನ್ ಎಳೆದಾಗ ಹಿಗ್ಗುತ್ತದೆ, ಹಿಗ್ಗಿದಷ್ಟೂ ಸಣ್ಣಗಾಗುತ್ತದೆ, ನಟ್‌ನಿಂದ ಸ್ಯಾಡಲ್‌ವರೆಗೆ ಉಳಿಯುವ ನೈಲಾನ್ ಕಡಿಮೆಯಾಗುತ್ತದೆ. ಪೊಟ್ಟಣದ ದಪ್ಪ ಹಿಗ್ಗುವ ಮೊದಲಿನದು. ಹಿಗ್ಗು ಎಷ್ಟು ಎಂಬುದನ್ನು ಅಳೆಯುವುದು ಸುಲಭ. ತಂತಿಯನ್ನು ಸಡಿಲವಾಗಿ, ನೇರ ನಿಲ್ಲುವಷ್ಟು ಮಾತ್ರ ಹಿಡಿದು 500 ಮಿ.ಮೀ ಅಂತರದಲ್ಲಿ ಎರಡು ಶಾಯಿ ಗುರುತು ಹಾಕಿ. ಶ್ರುತಿಗೆ ಏರಿಸಿ ಮೂರು ದಿನ ಬಿಟ್ಟು ಮತ್ತೆ ಅಳೆಯಿರಿ. 540 ಆಗಿದ್ದರೆ ಹಿಗ್ಗು ಶೇ 8, ತೂಕವನ್ನು 1.08ರಿಂದ ಭಾಗಿಸಿ. ಮೊದಲ ದಿನವೇ ಅಳೆದರೆ ಪ್ರಯೋಜನವಿಲ್ಲ, ಹಿಗ್ಗು ಇನ್ನೂ ನಡೆಯುತ್ತಿರುತ್ತದೆ.

ಉದಾಹರಣೆಗೆ ಮಾಮೂಲಿ ಇ4 ತಂತಿ, 0.70 ಮಿ.ಮೀ. ಹಿಗ್ಗದೆ 0.408 ಗ್ರಾಂ/ಮೀ, ಗುಣಕ 17.03, ಎಳೆತ 6.95 ಕೆಜಿ. ಶೇ 8 ಹಿಗ್ಗಿದ ಮೇಲೆ 0.378 ಗ್ರಾಂ/ಮೀ, ಎಳೆತ 6.43 ಕೆಜಿ. ಅರ್ಧ ಕೆಜಿ ವ್ಯತ್ಯಾಸ ಬರೀ ಹಿಗ್ಗಿನದು. ಶ್ರುತಿ ಎತ್ತರವಾದಷ್ಟೂ ಹಿಗ್ಗು ಹೆಚ್ಚು. ಬಿ, ಜಿ ತಂತಿಗಳಲ್ಲಿ ಅದು ಇಷ್ಟಿರದು, ಲೋಹದ ಎಳೆ ಸುತ್ತಿದ ಸುತ್ತು ತಂತಿಗಳಲ್ಲಿ ಇನ್ನೂ ಕಡಿಮೆ.

ಎ4: ದಪ್ಪ ಬದಲಿಸಿದರೆ ಉಳಿಯುವುದಿಲ್ಲ

ಹೆಚ್ಚಿನ ಎ ತಂತಿ ಹರಿದಾಗ ಎಲ್ಲರೂ ಮಾಡುವುದು ಇನ್ನೂ ದಪ್ಪನೆಯದು ಹಾಕುವುದು. ಅದೂ ಹರಿಯುತ್ತದೆ. ತಂತಿಯ ಪ್ರತಿ ಚದರ ಮಿ.ಮೀ ಮೇಲೆ ಬೀಳುವ ಒತ್ತಡ = ಸಾಂದ್ರತೆ × (2 × ಉದ್ದ × ಆವರ್ತನ)². ಇದರಲ್ಲಿ ದಪ್ಪದ ಸುಳಿವೇ ಇಲ್ಲ. ದಪ್ಪ ಹೆಚ್ಚಿಸಿದರೆ ತಂತಿಯ ಬಲ ಎಷ್ಟು ಹೆಚ್ಚುತ್ತದೋ ಅದರ ಮೇಲಿನ ಎಳೆತವೂ ಅಷ್ಟೇ ಹೆಚ್ಚುತ್ತದೆ. ತಪ್ಪಿಸಿಕೊಳ್ಳುವ ದಾರಿ ಎರಡೇ: ಉದ್ದ ಕಡಿಮೆ ಮಾಡುವುದು, ಇಲ್ಲವೇ ಹಗುರ ವಸ್ತು ಆರಿಸುವುದು.

615 ಮಿ.ಮೀಗೆ ತಂತಿಯ ನೈಲಾನ್ ಮೇಲೆ 310 ಮೆಗಾಪಾಸ್ಕಲ್ ಬೀಳುತ್ತದೆ, 650 ಆಗಿದ್ದರೆ 347. ಫ್ಲೋರೋಕಾರ್ಬನ್ ಆದರೆ 521 ಮತ್ತು 582. ಫ್ಲೋರೋಕಾರ್ಬನ್‌ನಿಂದ ದನಿ ಮಿನುಗುತ್ತದೆ ಎಂದು ಮೊದಲ ತಂತಿಗೂ ಅದನ್ನೇ ಹಾಕಿದರೆ ಬಾಳಿಕೆ ಬರುವುದಿಲ್ಲ, ಭಾರ ಹೆಚ್ಚಿರುವ ವಸ್ತು ಎತ್ತರದ ಶ್ರುತಿಗೆ ಹಗೆ. ಓರೆ ಫ್ರೆಟ್‌ಗಳ ತಲೆನೋವು ಹೊತ್ತುಕೊಂಡು ಮೊದಲ ತಂತಿಯನ್ನು 615ಕ್ಕೆ ಇಳಿಸಿದ್ದು ಈ ಒಂದು ತಂತಿಯ ಸಲುವಾಗಿಯೇ.

ಎ4ಗೆ ಗಾಳದ ನೈಲಾನ್ ದಾರ ಚೆನ್ನಾಗಿ ಒದಗುತ್ತದೆ. ಬೇಕಾದ ತೂಕ 0.184, ಹಿಗ್ಗು ಶೇ 10 ಎಂದು ಹಿಡಿದರೆ ಹಿಗ್ಗುವ ಮೊದಲು 0.203 ಗ್ರಾಂ/ಮೀ. ಅದು ಗಾಳದ ದಾರದಲ್ಲಿ 0.475 ಮಿ.ಮೀ, ತಂತಿಯ ನೈಲಾನ್‌ನಲ್ಲಿ 0.49. ಎರಡೂ ‘ನೈಲಾನ್’ ಎಂದುಕೊಂಡು ಒಂದೇ ದಪ್ಪ ತಂದರೆ ಶೇ 7ರಷ್ಟು ವ್ಯತ್ಯಾಸ. ಸುರುಳಿಯಿಂದ 5 ಮೀಟರ್ ಬಿಚ್ಚಿ ತೂಗಿ, 1.01 ಗ್ರಾಂ ಬಂದರೆ ಅದೇ ನಿಮ್ಮ ತಂತಿ. ಸುರುಳಿಯ ಮೇಲೆ ಬರೆದ ಹರಿಯುವ ತೂಕದ ಶೇ 60ಕ್ಕಿಂತ ಹೆಚ್ಚು ಎಳೆತ ಕೊಡಬಾರದು. 5.5 ಕೆಜಿಗೆ ಕನಿಷ್ಠ 9–10 ಕೆಜಿಯ ದಾರ ಬೇಕು. ಗಂಟು ಹಾಕಿದ ಜಾಗದಲ್ಲಿ ದಾರ ಬಲ ಕಳೆದುಕೊಳ್ಳುತ್ತದೆ, ಈ ಅಂತರ ಅದಕ್ಕಾಗಿ. ಹೆಣೆದ ದಾರ ಬೇಡ. ಹರಿಯುವುದಿಲ್ಲ ನಿಜ, ಆದರೆ ಫ್ರೆಟ್ ಮೇಲೆ ಉಜ್ಜಿ ನಾರು ನಾರಾಗುತ್ತದೆ.

ಎಲ್ಲಿ ಹರಿಯಿತು ಎಂಬುದೇ ಕಾರಣ ಹೇಳುತ್ತದೆ. ನಟ್ ಬಳಿ ಹರಿದರೆ ಸೀಳಿನ ಅಂಚು ಚೂಪಾಗಿದೆ, ನಯವಾದ ಮರಳು ಕಾಗದದ ಎಳೆಯಿಂದ ಅಂಚನ್ನು ದುಂಡು ಮಾಡಿ. ಬ್ರಿಡ್ಜ್ ಗಂಟಿನಲ್ಲಿ ಹರಿದರೆ ದಾರ ತನ್ನನ್ನೇ ಕಚ್ಚಿದೆ, ಮೂರು ಸುತ್ತಿನ ಗಂಟು ಹಾಕಿ, ಇಲ್ಲವೇ ತೂತಿನ ಹಿಂದೆ ಸಣ್ಣ ಮಣಿ ಪೋಣಿಸಿ. ಬಿರಡೆಯ ಉರುಳೆಯ ಮೇಲೆ ಹರಿದರೆ ತೂತಿನ ಬಾಯಿ ಚೂಪಾಗಿದೆ. ನಡುವೆ ಹರಿದರೆ ಮಾತ್ರ ಲೆಕ್ಕವನ್ನೇ ಅನುಮಾನಿಸಬೇಕು, ಅದೂ ಫ್ರೆಟ್‌ನ ಗೀರು ತಾಗಿಲ್ಲ ಎಂದು ಖಾತ್ರಿಯಾದ ಮೇಲೆ.

ನಡುವಿನ ತಂತಿಗಳು

ಇಲ್ಲಿ ಹೆಚ್ಚು ಗೋಜಿಲ್ಲ. ಬಿ ತಂತಿಗೆ 0.82ರಿಂದ 0.85 ಮಿ.ಮೀ ನೈಲಾನ್ ಸರಿ. ಜಿ ತಂತಿಗೆ ನೈಲಾನ್ ಆದರೆ ಹಿಗ್ಗಿದ ಮೇಲೂ 1.03 ಮಿ.ಮೀ ಉಳಿಯಬೇಕು. ಅಷ್ಟು ದಪ್ಪನೆಯ ನೈಲಾನ್ ಪೆಡಸು, ದನಿ ಮಂಕು, ಮೇಲಿನ ಫ್ರೆಟ್‌ಗಳಲ್ಲಿ ಶ್ರುತಿ ಏರುತ್ತದೆ. ಫ್ಲೋರೋಕಾರ್ಬನ್‌ನಲ್ಲಿ ಅದೇ ತೂಕ 0.80 ಮಿ.ಮೀಗೆ ಸಿಗುತ್ತದೆ. ಮೊದಲ ತಂತಿಗೆ ಹಗೆಯಾಗಿದ್ದ ಭಾರ ಇಲ್ಲಿ ನೆಂಟ. ಡಿ, ಎ, ಇ ಮೂರೂ ಮಾಮೂಲಿ ಸೆಟ್‌ನ ಹಗುರ ಅಥವಾ ಸಾಧಾರಣ ತಂತಿಗಳಲ್ಲೇ ಸಿಗುತ್ತವೆ. ಉದ್ದ ಕಡಿಮೆಯಾದ್ದರಿಂದ ಪೊಟ್ಟಣದ ಎಳೆತಕ್ಕಿಂತ ಕೊಂಚ ಇಳಿಯುತ್ತದೆ ಅಷ್ಟೆ: 650ಕ್ಕೆ ಬರೆದ ಸಂಖ್ಯೆಯನ್ನು 640ಕ್ಕೆ ತರಲು 0.97ರಿಂದ ಗುಣಿಸಿ.

ಸುತ್ತು ತಂತಿಯನ್ನು ತೂಗಲೇಬೇಕು

ಸುತ್ತು ತಂತಿಯ ಒಳಗೆ ನೈಲಾನ್ ನಾರಿನ ಎಳೆಗಳು, ಹೊರಗೆ ಬೆಳ್ಳಿ ಲೇಪದ ತಾಮ್ರದ ಸುತ್ತು. ತಾಮ್ರ ಎಷ್ಟು, ನಾರು ಎಷ್ಟು ಎಂಬುದು ತಂತಿಯಿಂದ ತಂತಿಗೆ ಬೇರೆ. ದಪ್ಪದ ವರ್ಗವನ್ನು ಯಾವ ಸಂಖ್ಯೆಯಿಂದ ಗುಣಿಸಿದರೆ ಗ್ರಾಂ/ಮೀ ಬರುತ್ತದೆ ಎಂದು ನೋಡಿದರೆ ಡಿ ತಂತಿಗೆ 3.5 ಆಸುಪಾಸು, ಎ ತಂತಿಗೆ 4.2, ಇ ತಂತಿಗೆ 4.6. ಇದು ಅಂಗಡಿಯಲ್ಲಿ ನಿಂತು ಅಂದಾಜು ಮಾಡಲು ಮಾತ್ರ.

ತೂಗಲು 0.01 ಗ್ರಾಂ ತೋರಿಸುವ ತಕ್ಕಡಿ ಬೇಕು. ತಂತಿಯ ತುದಿಗಳಲ್ಲಿ ಸುತ್ತು ಸಡಿಲವಾಗಿರುತ್ತದೆ, ನಡುವಿನಿಂದ 300 ಮಿ.ಮೀ ತುಂಡು ಕತ್ತರಿಸಿ. 1.63 ಗ್ರಾಂ ತೂಗಿದರೆ 5.43 ಗ್ರಾಂ/ಮೀ. ಕತ್ತರಿಸುವ ಮೊದಲು ಎರಡೂ ಕಡೆ ಒಂದು ಹನಿ ಸೂಪರ್ ಗ್ಲೂ ಹಾಕಿ ಒಣಗಿಸದಿದ್ದರೆ ಸುತ್ತು ಬಿಚ್ಚಿಕೊಂಡು ಅಳತೆ ಕೆಡುತ್ತದೆ. ಇದೇ ತಕ್ಕಡಿಯಲ್ಲಿ ಎ4ನ 300 ಮಿ.ಮೀ ತುಂಡನ್ನು ತೂಗುವುದು ವ್ಯರ್ಥ: ತೂಕವೇ 0.06 ಗ್ರಾಂ, ತಕ್ಕಡಿಯ ಒಂದು ಅಂಕಿ ತಪ್ಪಿದರೆ ಶೇ 16ರಷ್ಟು ತಪ್ಪು. ಅದಕ್ಕೇ ಮೇಲೆ 5 ಮೀಟರ್ ಎಂದದ್ದು.

ತಂತಿ ಕತ್ತರಿಸಲು ಮನಸ್ಸಿಲ್ಲದಿದ್ದರೆ ತೂಗುಹಾಕಿ ನೋಡುವ ವಿಧಾನವಿದೆ, ಅದೇ ಎಲ್ಲಕ್ಕಿಂತ ನಂಬಲರ್ಹ. ಗೋಡೆಗೆ ನಿಲ್ಲಿಸಿದ ಗಟ್ಟಿ ಹಲಗೆಯ ಮೇಲ್ತುದಿಯಲ್ಲಿ ತಂತಿಯನ್ನು ಬಿಗಿದು, ಕೆಳತುದಿಗೆ ನೀರು ತುಂಬಿದ ಕ್ಯಾನ್ ಕಟ್ಟಿ. ಕ್ಯಾನ್ ಸಮೇತ ತೂಕ ಸರಿಯಾಗಿ 5.00 ಕೆಜಿ ಇರಲಿ. ಹಲಗೆಯ ಮೇಲೆ 600 ಮಿ.ಮೀ ಅಂತರದಲ್ಲಿ ಎರಡು ಮೊಂಡು ಅಂಚುಗಳು ತಂತಿಗೆ ತಾಗುವಂತಿರಲಿ, ಆದರೆ ತಂತಿಯನ್ನು ಬಗ್ಗಿಸದಿರಲಿ. ಬಗ್ಗಿದರೆ ಘರ್ಷಣೆ ಹುಟ್ಟಿ ಪೂರ್ತಿ ಭಾರ ತಂತಿಗೆ ತಲುಪುವುದಿಲ್ಲ. ರಾಟೆಯ ಮೇಲೆ ಹಾಯಿಸುವುದೂ ಇದೇ ಕಾರಣಕ್ಕೆ ಬೇಡ. ಮೀಟಿ ಆವರ್ತನ ಓದಿ. 78 ಹರ್ಟ್ಝ್ ಬಂತೆನ್ನಿ: 49.05 ÷ (1.2 × 78)² = 5.60 ಗ್ರಾಂ/ಮೀ. ಏಳನೇ ತಂತಿಯ ಗುಣಕ 1.152ರಿಂದ ಗುಣಿಸಿದರೆ 6.45 ಕೆಜಿ, ಗುರಿಗಿಂತ ಜಾಸ್ತಿ, ಇನ್ನೊಂದು ದರ್ಜೆ ಹಗುರದ್ದು ನೋಡಬೇಕು. ಈ ವಿಧಾನದಲ್ಲಿ ಹಿಗ್ಗಿನ ಲೆಕ್ಕ ಬೇರೆ ಮಾಡಬೇಕಿಲ್ಲ, ತಂತಿ ಆಗಲೇ ಹಿಗ್ಗಿರುತ್ತದೆ. ಫೋನಿನ ಟ್ಯೂನರ್ 60 ಹರ್ಟ್ಝ್ ಸುತ್ತಮುತ್ತ ತಡವರಿಸಿದರೆ, ತಂತಿಯ ನಟ್ಟನಡುವೆ ಬೆರಳು ತಾಗಿಸಿ ಮೇಲಿನ ಸ್ವರ ನುಡಿಸಿ, ಬಂದ ಸಂಖ್ಯೆಯನ್ನು ಅರ್ಧ ಮಾಡಿ. ಕನ್ನಡಕ ಹಾಕಿಕೊಳ್ಳಿ, ಕ್ಯಾನ್ ಕೆಳಗೆ ಕಾಲಿಡಬೇಡಿ.

ಎ1: ರಾಜಿ ಎಲ್ಲಿ

ಮಾಮೂಲಿ ಇ2 ತಂತಿಯನ್ನೇ ಎ1ಗೆ ಇಳಿಸಿದರೆ 5.43 × 0.521 = 2.8 ಕೆಜಿ. ತಂತಿ ಜೋತು ಫ್ರೆಟ್‌ಗಳ ಮೇಲೆ ಬಡಿದುಕೊಳ್ಳುತ್ತದೆ. 6 ಕೆಜಿ ಬೇಕೆಂದು ಹಟ ಹಿಡಿದರೆ 11.5 ಗ್ರಾಂ/ಮೀ, ಅಂದರೆ 1.58 ಮಿ.ಮೀ ದಪ್ಪ. ಅಷ್ಟು ದಪ್ಪನೆಯ ತಂತಿ ಸ್ಯಾಡಲ್ ಮೇಲೆ ಸರಿಯಾಗಿ ಬಗ್ಗದು, ಪೆಡಸಿನಿಂದ ಮೇಲಿನ ಸ್ವರಾಂಶಗಳು ಚೂರು ಏರಿ ದನಿ ಕೆಸರಾಗುತ್ತದೆ, ಬೆರಳಿಗೂ ಹಗ್ಗದಂತೆ ಸಿಗುತ್ತದೆ. 5.2 ಕೆಜಿಗೆ ಒಪ್ಪಿದರೆ 10 ಗ್ರಾಂ/ಮೀ, ಸುಮಾರು 1.47 ಮಿ.ಮೀ. ಇದೇ ಸರಿಯಾದ ರಾಜಿ. ಇದಕ್ಕೆ ತಂತಿಯ ಕೆಳಗೆ ಜಾಗ ಕೊಡಬೇಕು: 12ನೇ ಫ್ರೆಟ್ ಮೇಲೆ ಏಳನೆಯದು 4 ಮಿ.ಮೀ ಇದ್ದರೆ ಎಂಟನೆಯದು 4.4.

650 ಮಿ.ಮೀ ಬಿಟ್ಟು 700ರವರೆಗೆ ಉದ್ದ ಮಾಡಿದ್ದರೆ ಅದೇ ತಂತಿ ಶೇ 16ರಷ್ಟು ಹೆಚ್ಚು ಎಳೆಯುತ್ತಿತ್ತು. ಆದರೆ ಎಡಗೈಯ ಹರವು ಒಪ್ಪದು. ಆ ತಂತಿಯನ್ನು ಬಿಡಿಯಾಗಿ ಮಾತ್ರ ನುಡಿಸುವುದಾದರೆ ಕತ್ತಿನಾಚೆ ಉದ್ದ ಮಾಡಬಹುದು, ಅದು ಬೇರೆಯೇ ವಾದ್ಯ.

ನಟ್, ತೂತು, ಮೊದಲ ಏರಿಕೆ

ತಂತಿಗಳ ದಪ್ಪ 0.49ರಿಂದ 1.47ರವರೆಗೆ ಹರಡಿರುವಾಗ ಕೇಂದ್ರದಿಂದ ಕೇಂದ್ರಕ್ಕೆ ಸಮ ಅಂತರ ಇಟ್ಟರೆ ಕೆಳಗಿನ ತಂತಿಗಳು ಇಕ್ಕಟ್ಟಾಗುತ್ತವೆ. ಖಾಲಿ ಜಾಗ ಸಮವಿರಬೇಕು. ಈ ನಟ್‌ನಲ್ಲಿ ಮೊದಲ ತಂತಿಯ ಕೇಂದ್ರದಿಂದ ಎಂಟನೆಯದರ ಕೇಂದ್ರಕ್ಕೆ 53 ಮಿ.ಮೀ. ನಡುವೆ ಬರುವ ತಂತಿಗಳ ದಪ್ಪ ಮತ್ತು ಎರಡು ತುದಿಯವುಗಳ ಅರ್ಧರ್ಧ ಸೇರಿ 6.04 ಮಿ.ಮೀ. ಉಳಿದ 46.96 ಅನ್ನು ಏಳರಿಂದ ಭಾಗಿಸಿದರೆ ಖಾಲಿ ಜಾಗ 6.71. ಹೀಗೆ 1–2ರ ಕೇಂದ್ರಗಳ ನಡುವೆ 7.30 ಬಂದರೆ 7–8ರ ನಡುವೆ 7.99 ಬರುತ್ತದೆ. ಸೀಳಿನ ಅಗಲ ತಂತಿಯ ದಪ್ಪಕ್ಕಿಂತ 0.05–0.1 ಮಿ.ಮೀ ಹೆಚ್ಚು, ಆಳ ಅರ್ಧ ತಂತಿಯಷ್ಟು. ಬ್ರಿಡ್ಜ್ ತೂತು ಎಂಟನೆಯದಕ್ಕೆ 2 ಮಿ.ಮೀ. ಉರುಳೆಯ ತೂತಿನಲ್ಲಿ ಅದು ಹಾಯುತ್ತದೆಯೇ ಎಂದು ಬಿರಡೆ ಕೊಳ್ಳುವಾಗಲೇ ತಂತಿ ತುಂಡು ಹಿಡಿದು ನೋಡಿ.

ಬ್ರಿಡ್ಜ್ ಅಂಟು ಪೂರ್ತಿ ಒಣಗಿದ ಮೇಲೆ ಎಂಟೂ ತಂತಿಗಳನ್ನು ಮೊದಲು ಎರಡು ಅರ್ಧಸ್ವರ ಕೆಳಗೆ ನಿಲ್ಲಿಸಿ ಒಂದು ದಿನ ಬಿಡಿ. ಒಂದು ಅರ್ಧಸ್ವರಕ್ಕೆ ಎಳೆತ ಶೇ 12ರಷ್ಟು ಬದಲಾಗುತ್ತದೆ, ಎರಡಕ್ಕೆ 46.3 ಕೆಜಿ 36.7ಕ್ಕೆ ಇಳಿದಿರುತ್ತದೆ. ಬ್ರಿಡ್ಜ್‌ನ ಮುಂದೆ ನೇರ ಅಂಚಿಟ್ಟು ಹಲಗೆ ಎಷ್ಟು ತಗ್ಗಿದೆ, ಹಿಂದೆ ಎಷ್ಟು ಉಬ್ಬಿದೆ ಬರೆದಿಟ್ಟು, ಪೂರ್ತಿ ಶ್ರುತಿಗೆ ಏರಿಸಿ ಒಂದು ವಾರದ ಬಳಿಕ ಮತ್ತೆ ಅಳೆಯಿರಿ. ಅಳತೆ ನಿಂತರೆ ಸರಿ. ವಾರ ವಾರಕ್ಕೂ ಏರುತ್ತಲೇ ಇದ್ದರೆ ಮೊದಲು ಇಳಿಸಬೇಕಾದದ್ದು ಆರು ಮತ್ತು ಏಳನೇ ತಂತಿಗಳು. ತಲಾ ಅರ್ಧ ಕೆಜಿ ಇಳಿಸಿದರೂ ಕೈಗೆ ಹೆಚ್ಚು ತಿಳಿಯುವುದಿಲ್ಲ, ಎ1ನಿಂದ ಅಷ್ಟು ಕಳೆದರೆ ತಂತಿಯೇ ಸತ್ತಂತಾಗುತ್ತದೆ.

ಏಳು ತಂತಿಯ ಗಿಟಾರ್‌ಗೂ ಇದೇ ಲೆಕ್ಕ. 650 ಮಿ.ಮೀ, 6 ಕೆಜಿಗೆ ಏಳನೆಯದು ಡಿ2 ಆದರೆ 6.46 ಗ್ರಾಂ/ಮೀ, ಸಿ2 ಆದರೆ 8.14, ಬಿ1 ಆದರೆ 9.14. ಮೇಲಿನ ಎಂಟನೇ ತಂತಿಯನ್ನೇ ಬಿ1ಗೆ ಏರಿಸಿದರೆ 6.6 ಕೆಜಿ, ಬಿಗಿಯಾದರೂ ನುಡಿಯುತ್ತದೆ. 1964ರಲ್ಲಿ ಗಿಟಾರ್ ವಾದಕ ನಾರ್ಸಿಸೋ ಯೆಪೆಸ್ ಬಳಕೆಗೆ ತಂದ ಹತ್ತು ತಂತಿಯ ಗಿಟಾರ್‌ನಲ್ಲಿ ಮಾತ್ರ ಇಷ್ಟು ಭಾರದ ತಂತಿ ಏಳನೆಯದೊಂದೇ, ಸಿ2. ಎಂಟರಿಂದ ಹತ್ತು ಅದಕ್ಕಿಂತ ಮೇಲಿನ ಶ್ರುತಿಯವು, ಅನುರಣನಕ್ಕೆಂದು ಇಟ್ಟವು. ಎಂಟನೆಯದು ಎ ಶಾರ್ಪ್ 2 ಆದ್ದರಿಂದ 2.56 ಗ್ರಾಂ/ಮೀ, ಹತ್ತನೆಯದು ಎಫ್ ಶಾರ್ಪ್ 2 ಆದ್ದರಿಂದ 4.07. ಎರಡೂ ಮಾಮೂಲಿ ಡಿ, ಎ, ಇ ತಂತಿಗಳ ನಡುವಿನ ತೂಕಗಳೇ.